ಮಲ್ಕಮ್ಮನ ಗೇಣು

ಆಳಂದದ ಕುಂಬಾರ ಓಣಿಯ ಮಲ್ಕಮ್ಮನ ಕೈಗಳು ಬಹಳ ಸಣ್ಣವು. ಬಳೆ ತೊಡಿಸುವ ಚಮನಬಿ ಅವಳ ಮನೆಗೆ ಬಂದರೆ ಬುಟ್ಟಿಯ ತಳಕ್ಕೆ ಕೈ ಹಾಕಿ ಹುಡುಗಿಯರ ಅಳತೆಯ ಬಳೆ ಹುಡುಕಬೇಕಾಗುತ್ತಿತ್ತು. "ದೇವರು ಇಕಿ ಬಾಯಿ ಮಾಡೂ ಮುಂದ ಮಣ್ಣು ಹೆಚ್ಚಿಗಿ ಹಾಕಿಬಿಟ್ಟಾನ. ಕೈ ಮಾಡೂ ಹೊತ್ತಿಗಿ ಮಣ್ಣು ತೀರೇದ" ಎಂದು ಗಂಡ ಹುಲೆಪ್ಪ ನಾಲ್ಕು ಮಂದಿಯ ಮುಂದೆ ನಗಾಡುತ್ತಿದ್ದ. ಬೇರೆ ಹೆಂಗಸಿಗಾದರೆ ಕೈ ಸಣ್ಣದಿದ್ದರೆ ಏನು ಹೋಗುತ್ತಿತ್ತು? ಆದರೆ ಮಲ್ಕಮ್ಮ ದಂಡಿನಾಟ ಆಡುವವಳು. ಆ ಆಟದಲ್ಲಿ ಕೈಯೇ ಎಲ್ಲ.

ದಂಡಿನಾಟ ನೋಡದವರಿಗೆ ಸ್ವಲ್ಪ ಹೇಳಬೇಕು. ನೆಲದ ಮೇಲೆ ಜಮಖಾನೆ ಹಾಸುತ್ತಾರೆ. ಕಂಬಳಿ ಮಡಚಿಟ್ಟರೆ ಗುಡ್ಡ, ನೀಲಿ ಸೀರೆ ಉದ್ದಕ್ಕೆ ಎಳೆದರೆ ಭೀಮಾ ನದಿ. ಈ ಕಡೆ ಒಬ್ಬರು, ಆ ಕಡೆ ಒಬ್ಬರು, ಇಬ್ಬರ ಮುಂದೆಯೂ ಮಣ್ಣಿನಲ್ಲಿ ಮಾಡಿ ಸುಟ್ಟು ಬಣ್ಣ ಹಚ್ಚಿದ ದಂಡು. ಜೋಳ ಅಳೆಯುವ ಒಂದು ಪಾಯಲಿಯಲ್ಲಿ ಎಷ್ಟು ಗೊಂಬೆ ಹಿಡಿಯುತ್ತವೋ ಅಷ್ಟೇ ದಂಡು. ಪಾಯಲಿಯ ಬಾಯಿಂದ ಒಂದು ಕಿವಿ ಕೂಡ ಮೇಲೆ ಇಣುಕಬಾರದು. ಇನ್ನೊಂದು ಕಟ್ಟಳೆ ಎಲ್ಲಕ್ಕಿಂತ ಚಂದದ್ದು. ದಂಡಿನ ಯಾವ ಪ್ರಾಣಿಯೂ ಹೊಲದಲ್ಲೋ ಅಡವಿಯಲ್ಲೋ ಕಾಣುವಂಥದ್ದಾಗಿರಬಾರದು. ಪ್ರತಿಯೊಂದಕ್ಕೂ ದೇವರು ಕೊಡದೆ ಬಿಟ್ಟದ್ದು ಒಂದಾದರೂ ಇರಬೇಕು. ಆನೆಯಾದರೆ ರೆಕ್ಕೆ, ಹುಲಿಯಾದರೆ ಎರಡು ತಲೆ, ಎತ್ತಾದರೆ ಮನುಷ್ಯನ ಮುಖ. ಯಾರಾದರೂ ಅಮಾವಾಸ್ಯೆಯ ಬರೀ ಮಣ್ಣೆತ್ತು ತಂದಿಟ್ಟರೆ "ಇದನ್ನ ಹೊಲಕ್ಕ ಒಯ್ಯಲೇ ತಮ್ಮಾ, ಬಿತ್ತಗಿ ಮುಗದಿಲ್ಲ" ಎಂದು ವಾಪಸು ಕಳಿಸುತ್ತಿದ್ದರು.

ಕಾಲಾಳು ಒಂದು ಸಲಕ್ಕೆ ಒಂದು ಚೋಟು ನಡೆಯಬಹುದು, ಅಂದರೆ ಹೆಬ್ಬೆರಳಿನಿಂದ ತೋರುಬೆರಳಿನವರೆಗೆ. ದೊಡ್ಡ ಪ್ರಾಣಿಗಳೆಲ್ಲ ಒಂದು ಗೇಣು, ಹೆಬ್ಬೆರಳಿನಿಂದ ಕಿರುಬೆರಳಿನ ತುದಿಯವರೆಗೆ. ಎದುರಿನ ಗೊಂಬೆಗೆ ಮುಟ್ಟಿದರೆ ಕವಡೆ ಎಸೆದು ಕಾಳಗ. ದಂಡಿಗೊಬ್ಬ ದೊರೆ; ಅವನನ್ನಾಗಲಿ ಅವನು ಕುಳಿತ ಪ್ರಾಣಿಯನ್ನಾಗಲಿ ಮುಟ್ಟಿದರೆ ಕವಡೆಯೂ ಬೇಡ, ಆಟ ಅಲ್ಲಿಗೇ ಮುಗಿಯಿತು. ಇನ್ನು ಅಳೆಯುವ ಕೈ ಯಾರದು? ಆಡುವವರದೇ. "ಅವರವರ ಗೇಣು ಅವರವರಿಗೆ" ಎಂಬುದು ಆ ಆಟದ ಶಾಸನ. ಹಾರೆಯಂಥ ಕೈ ಇದ್ದವರ ಆನೆ ಎರಡೇ ನಡೆಗೆ ಭೀಮೆಯನ್ನು ದಾಟುತ್ತಿತ್ತು. ಮಲ್ಕಮ್ಮನಂಥವರ ಆನೆ ಇನ್ನೂ ನೀರು ಕುಡಿಯುತ್ತಾ ಈ ದಂಡೆಯಲ್ಲೇ ನಿಂತಿರುತ್ತಿತ್ತು.

ಆಟವನ್ನು ಯಾರು ಹುಟ್ಟಿಸಿದರೆಂದು ಕೇಳಬಾರದು. ಜೇವರ್ಗಿಯವರು ತಮ್ಮದೆನ್ನುತ್ತಾರೆ, ಅಫಜಲಪುರದವರು ತಮ್ಮದೆನ್ನುತ್ತಾರೆ, ಆಳಂದದವರು ಇಬ್ಬರಿಗೂ ತಾವೇ ಕಲಿಸಿದ್ದು ಎನ್ನುತ್ತಾರೆ. ಮನೆಯ ಹಿರಿಯರು ಮಾತ್ರ ಮೂರೂ ಊರಲ್ಲಿ ಒಂದೇ ಮಾತು ಹೇಳುತ್ತಿದ್ದರು: ಇದು ದಂಡಿನಾಟ ಅಲ್ಲ, ದಂಡದ ಆಟ. ಹಾಗೆ ಹೇಳಿದವರೇ ಜೋಳದ ರಾಶಿ ಮುಗಿದು ಬಿಸಿಲು ಏರಿದೊಡನೆ, ಈ ವರ್ಷದ ಪಂದ್ಯ ಯಾವ ಊರಲ್ಲಿ ಎಂದು ಮೆಲ್ಲಗೆ ವಿಚಾರಿಸುತ್ತಿದ್ದರು.

ಮಲ್ಕಮ್ಮ ನರೋಣಾದ ಹುಡುಗಿ. ಎಪ್ಪತ್ತರ ದಶಕದ ಮೊದಲಲ್ಲಿ ಹುಲೆಪ್ಪನನ್ನು ಮದುವೆಯಾಗಿ ಆಳಂದಕ್ಕೆ ಬಂದಳು. ಮಾವ ದಂಡಿನ ಗೊಂಬೆ ಮಾಡುವುದರಲ್ಲಿ ಹೆಸರಾದವನು. ಗೊಂಬೆ ಮಾಡಿಸಲು ಬಂದ ಆಟಗಾರರು ಅಂಗಳದಲ್ಲಿ ಕುಳಿತು ಹೋದ ವರ್ಷ ಹೇಗೆ ಗೆದ್ದೆವು, ಯಾರ ಮೋಸದಿಂದ ಸೋತೆವು ಎಂದು ತಾಸುಗಟ್ಟಲೆ ಹರಟುತ್ತಿದ್ದರು. ಸೊಸೆ ಒಳಗೆ ರೊಟ್ಟಿ ಬಡಿಯುತ್ತಾ ಕೇಳುತ್ತಿದ್ದಳು. ಕೇಳಿ ಕೇಳಿ, ಇವರು ಸೋತದ್ದು ಮೋಸದಿಂದಲ್ಲ, ದಡ್ಡತನದಿಂದ ಎಂಬುದು ಅವಳಿಗೆ ತಿಳಿಯಿತು. ತಿಳಿದದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಹೆಂಗಸಲ್ಲ ಅವಳು. ಗಡಿಗೆ ಕೊಡಲು ಹೋದಲ್ಲಿ ಉರ್ದು ಶಾಲೆಯ ನಜಮುನ್ನಿಸಾ ಟೀಚರಿಗೆ ಹೇಳಿಬಿಟ್ಟಳು.

ನಜಮುನ್ನಿಸಾ ಟೀಚರ್ ಸುಮ್ಮನೆ ಕೂರುವ ಪೈಕಿ ಅಲ್ಲ. ಅವರ ಮನೆಯಲ್ಲಿ ಗಂಡಸರ ದಂಡು ಮೂಲೆಯಲ್ಲಿ ಧೂಳು ತಿನ್ನುತ್ತಿತ್ತು. ಮಧ್ಯಾಹ್ನದ ಹೊತ್ತು ಪರದೆ ಎಳೆದು ಇಬ್ಬರೂ ಆಡತೊಡಗಿದರು. ಕೆಲವು ವರ್ಷದ ಮೇಲೆ, ಪಂದ್ಯ ಆಳಂದದಲ್ಲೇ ನಡೆದಾಗ, ಟೀಚರ್ ಮಲ್ಕಮ್ಮನ ಕೈ ಹಿಡಿದು ಜಮಖಾನೆಯ ಮುಂದೆ ತಂದು ನಿಲ್ಲಿಸಿದರು. ಹೆಂಗಸರು ಆಡುವ ರೂಢಿ ಇಲ್ಲ ಎಂದು ಗಂಡಸರು ತಕರಾರು ತೆಗೆದರು.

"ಕಟ್ಟಳಿ ಏನದ? ಅವರವರ ಗೇಣು ಅವರವರಿಗೆ," ಎಂದರು ಟೀಚರ್. "ಹೆಂಗಸರಿಗಿ ಗೇಣು ಇಲ್ಲೇನ್ರಿ?"

ಅರ್ಧದಷ್ಟು ಮಂದಿ ಆ ಟೀಚರ ಕೈಯಿಂದ ಕಿವಿ ಹಿಂಡಿಸಿಕೊಂಡು ಕಲಿತವರು. ಬಾಯಿ ಮುಚ್ಚಿಕೊಂಡು ಜಾಗ ಬಿಟ್ಟರು. ಮುಂದೆ ಟೀಚರೇ ಮೂರೂ ಊರಿನ ಪಂದ್ಯಕ್ಕೆ ಪಂಚರಾದರು. ಅವರಷ್ಟು ನಿಷ್ಠುರವಾಗಿ ತೀರ್ಪು ಕೊಡುವವರು ಗಂಡಸರಲ್ಲಿ ಸಿಗಲಿಲ್ಲ.

ಜಾಗವೇನೋ ಸಿಕ್ಕಿತು, ಗೆಲುವು ಸಿಗಲಿಲ್ಲ. ವರ್ಷ ವರ್ಷವೂ ಮಲ್ಕಮ್ಮ ಎದುರಾಳಿಯ ಮನಸ್ಸನ್ನು ಗೊಂಬೆ ಇಡುವ ಮೊದಲೇ ಓದುತ್ತಿದ್ದಳು, ಆದರೆ ಅವಳ ದಂಡು ಹೋಗಿ ಮುಟ್ಟುವ ಹೊತ್ತಿಗೆ ಊರು ಸೂರೆಯಾಗಿರುತ್ತಿತ್ತು. ಸೋತು ಬಂದಾಗಲೆಲ್ಲ "ಏನ್ ಮಾಡ್ಲಿ, ನನ್ನ ಕೈ ಸಣ್ಣದು" ಎನ್ನುತ್ತಿದ್ದಳು. ಮಂದಿಯೂ "ಪಾಪ, ಕೈ ಸಣ್ಣದು" ಎನ್ನುತ್ತಿದ್ದರು. ಆ ಮಾತಿನಲ್ಲಿ ಒಂದು ನಮೂನೆಯ ಸುಖವೂ ಇತ್ತೆಂದು ಕಾಣುತ್ತದೆ. ಸೋಲಿಗೆ ಕಾರಣ ಕೈಯಲ್ಲೇ ಇದ್ದರೆ ತಲೆಗೆ ಚಿಂತೆ ಇಲ್ಲ.

ಅದನ್ನು ತಪ್ಪಿಸಿದವಳು ಮಗಳು ಚಂದಮ್ಮ. ಗೊಂಬೆಗಳಿಗೆ ಜಾಜು, ಸುಣ್ಣ, ಕಾಡಿಗೆ ಹಚ್ಚುವುದು ಅವಳ ಕೆಲಸ. ಒಂದು ದಿನ ಕಡ್ಡಿಗೆ ಅರಿವೆ ಸುತ್ತಿ ಕುದುರೆಯ ಕಣ್ಣು ಬರೆಯುತ್ತಿದ್ದವಳು ಕೇಳಿದಳು, "ಅವ್ವಾ, ಅಳಿಯೂದು ಎಲ್ಲಿಂದ?"

"ಮೂಗಿನಿಂದ."

"ಇಡೂದು?"

"ಗೇಣು ಮುಗದಲ್ಲಿ ಬಾಲ ಇಡಬೇಕು. ಹಂಗೇ ಅದಲ್ಲ ಕಟ್ಟಳಿ, ನಿನಗ ಗೊತ್ತಿಲ್ಲೇನು?"

"ಮತ್ತ ಯಾಕ ಅಳ್ತಿ? ಕೈ ಬೆಳಿಯಂಗಿಲ್ಲ. ಕುದುರಿ ಬೆಳಸೂಣು."

ಮಲ್ಕಮ್ಮ ಕೈಯಲ್ಲಿದ್ದ ಮಣ್ಣನ್ನು ಹಾಗೇ ಹಿಡಿದುಕೊಂಡು ಕುಳಿತಳು. ಎಲ್ಲರ ಕುದುರೆಗಳೂ ಮಣ್ಣೆತ್ತಿನ ಹಾಗೆ ಗಿಡ್ಡ, ದಪ್ಪ. ಅಜ್ಜ ಮುತ್ತಜ್ಜರ ಕಾಲದಿಂದ ಕೈಗೆ ಬಂದ ರೂಪ ಅದು. ಗೇಣು ಮುಗಿದಲ್ಲಿ ಬಾಲ ಇಡುವುದಾದರೆ ಕುದುರೆಯ ಮೈ ಎಷ್ಟು ಉದ್ದವೋ ಅಷ್ಟು ನಡೆ ಪುಕ್ಕಟೆ. ತಾಯಿ ಮಗಳು ಸೇರಿ ಕುದುರೆಯ ತಲೆ, ಹಾವಿನ ಮೈ ಇರುವ ಹೊಸ ಪ್ರಾಣಿ ಮಾಡಿದರು. ಮೊದಮೊದಲು ಆವಿಗೆಯಲ್ಲಿ ಸುಡುವಾಗಲೇ ನಡುವಿಗೆ ಮುರಿಯುತ್ತಿದ್ದವು. ಹುಲೆಪ್ಪ "ಇದು ಕುದುರಿ ಅಲ್ಲ, ಸುಟ್ಟ ಪಡವಲಕಾಯಿ" ಎಂದು ಅಣಕಿಸಿದ. ಮಣ್ಣಿಗೆ ಲದ್ದಿ ಹೆಚ್ಚಿಗೆ ಬೆರೆಸಿ, ನೆರಳಲ್ಲಿ ಒಣಗಿಸಿ ನೋಡಿದ ಮೇಲೆ ನಿಂತವು. ಅದಕ್ಕೆ ಹಾವಗುದುರೆ ಎಂದು ಹೆಸರಾಯಿತು. ಮುಂದಿನ ಬೇಸಿಗೆಯಲ್ಲಿ ಮಲ್ಕಮ್ಮ ಗೆಲ್ಲತೊಡಗಿದಳು.

ದಂಡಿನಾಟದಲ್ಲಿ ಯಾರನ್ನೂ ಸ್ವಂತ ಹೆಸರಿನಿಂದ ಕರೆಯುವುದಿಲ್ಲ. ದಂಡಿನ ಹೆಸರೇ ಆಟಗಾರರ ಹೆಸರು. ಜೇವರ್ಗಿಯಲ್ಲಿ ಒಬ್ಬ ಎರಡ್ತಲಿಹುಲಿ, ಸರಸಂಬಾದಲ್ಲಿ ಒಬ್ಬ ರೆಕ್ಕಿಚೇಳು. ಅಫಜಲಪುರದ ಬಿಳಿಯಾನೆ ಎಂಬ ಹೊಸಬ ಭಾರೀ ಹುರಿಯಾಳು ಎಂದು ಎಲ್ಲರೂ ಹೇಳುತ್ತಿದ್ದರು, ಮಲ್ಕಮ್ಮ ಮಾತ್ರ ಅವನನ್ನು ಕಂಡಿರಲಿಲ್ಲ. ಅತ್ತೆ ತೀರಿಕೊಂಡ ವರ್ಷ ಪಂದ್ಯ ಜೇವರ್ಗಿಯಲ್ಲಿ ನಡೆದು, ಮಲ್ಕಮ್ಮನಿಗೆ ಹೋಗಲಾಗಲಿಲ್ಲ; ಗೆದ್ದವನು ಬಿಳಿಯಾನೆ ಎಂದು ಸುದ್ದಿ ಬಂತು. ಹಾಗೆಯೇ ಆಳಂದದ ಮಲ್ಕಮ್ಮ ಮೂರು ತಾಲೂಕಿಗೆ ಬರೀ ಹಾವಗುದುರೆಯಾಕೆ. ಈ ರೂಢಿಯೇ ಮುಂದೆ ಫಜೀತಿಗೆ ಕಾರಣವಾಯಿತು.

ಅತ್ತೆ ಹೋದ ಮರುವರ್ಷವೇ ಚಂದಮ್ಮನಿಗೆ ಗಂಡು ನೋಡಲು ಶುರುಮಾಡಿದರು. ಅಫಜಲಪುರದ ಇಟ್ಟಂಗಿ ಭಟ್ಟಿಯ ಕಲ್ಯಾಣಪ್ಪನ ಮಗ ದತ್ತಪ್ಪ, ಕಲಬುರ್ಗಿಯಲ್ಲಿ ವೆಲ್ಡಿಂಗ್ ಕಲಿತು ಬಂದ ಹುಡುಗ. ಹುಲೆಪ್ಪ ಹೋಗಿ ಮನೆ ನೋಡಿ ಬಂದು ಹೆಂಡತಿಗೆ ಹೇಳಿದ, "ಭಾಳ ಗಂಭೀರ ಮಂದಿ. ಆಟ ಗೀಟ ಅಂತ ಕುಣಿಯೂ ಪೈಕಿ ಅಲ್ಲ. ನೀ ಜಮಖಾನಿ ಮ್ಯಾಲ ಗಂಡಸರ ಜೋಡಿ ಕುಂದರ್ತಿ ಅನ್ನೂದು ಅಲ್ಲಿ ಬಾಯಿ ಬಿಡಬ್ಯಾಡ, ನಿನ್ನ ಕೈ ಮುಗಿತೇನಿ."

ಕಲ್ಯಾಣಪ್ಪ ಮಗನೊಡನೆ ಹೆಣ್ಣು ನೋಡಲು ಬಂದ ದಿನ ಮಲ್ಕಮ್ಮ ದಂಡಿನ ಗೊಂಬೆಗಳನ್ನೆಲ್ಲ ಅಟ್ಟಕ್ಕೆ ಸೇರಿಸಿ, ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಉಪ್ಪಿಟ್ಟು ಕೊಟ್ಟಳು, ಚಹಾ ಕೊಟ್ಟಳು, ತುಟಿ ಬಿಚ್ಚಲಿಲ್ಲ. ಅವಳ ಜನ್ಮದಲ್ಲೇ ಅಷ್ಟು ಹೊತ್ತು ಸುಮ್ಮನಿದ್ದದ್ದು ಅದೇ ಮೊದಲು. ಕಲ್ಯಾಣಪ್ಪನೂ ಮಳೆ, ಇಟ್ಟಂಗಿ, ಇಟ್ಟಂಗಿ, ಮಳೆ ಎಂದು ಎರಡೇ ವಿಷಯ ಮಾತಾಡಿ ಎದ್ದ. ಹುಡುಗಿ ಒಪ್ಪಿಗೆಯಾದಳು. ಚಂದಮ್ಮನಿಗೂ ಹುಡುಗ ಹಿಡಿಸಿದ್ದ. ನಕ್ಕರೆ ಅವನ ಒಂದೇ ಕೆನ್ನೆಯಲ್ಲಿ ಗುಳಿ ಬೀಳುತ್ತಿತ್ತಂತೆ. ಬೇಸಿಗೆ ಮುಗಿಯುವುದರೊಳಗೆ ನಿಶ್ಚಯ ಎಂದು ಬಾಯಿಮಾತಾಯಿತು.

ಆ ಬೇಸಿಗೆಯ ಪಂದ್ಯ ಅಫಜಲಪುರದಲ್ಲಿ. ಹುಲೆಪ್ಪ ತಲೆ ಮೇಲೆ ಕೈ ಹೊತ್ತು ಕುಳಿತ. ಬೀಗರಾಗುವವರ ಊರಿಗೆ ಹೋಗಿ ದಂಡು ಹರವುವುದುಂಟೇ? ಮಲ್ಕಮ್ಮ ಕೇಳಲಿಲ್ಲ. ಪಂದ್ಯ ನಡೆಯುವುದು ಊರ ಹೊರಗಿನ ಹತ್ತಿ ಗೋದಾಮಿನಲ್ಲಿ, ಬೀಗರ ಮನೆ ಇರುವುದು ಊರ ಇನ್ನೊಂದು ತುದಿಯಲ್ಲಿ. ಗಂಭೀರ ಮಂದಿ ಅಲ್ಲಿಗೆ ಯಾಕೆ ಬರುತ್ತಾರೆ? ಗೊಂಬೆ ಮುರಿದರೆ ಅಂಟಿಸಲು ಬೇಕು ಎಂದು ಚಂದಮ್ಮನೂ ಹೊರಟಳು. ಟೀಚರ್ ಜೊತೆ ಇದ್ದಾರಲ್ಲ ಎಂಬ ಒಂದೇ ಸಮಾಧಾನದಿಂದ ಹುಲೆಪ್ಪನೂ ಪಾಯಲಿ ಹೊತ್ತುಕೊಂಡು ಬಸ್ಸು ಹತ್ತಿದ.

ಗೋದಾಮಿನಲ್ಲಿ ಹತ್ತಿಯ ವಾಸನೆ, ಬೀಡಿಯ ಹೊಗೆ, ಮಂದಿಯ ಗದ್ದಲ. ಮಲ್ಕಮ್ಮ ಅವತ್ತು ಆಡಿದ ಆಟವನ್ನು ನೋಡಿದವರು ಈಗಲೂ ಹೇಳುತ್ತಾರೆ. ಜೇವರ್ಗಿಯ ಎರಡ್ತಲಿಹುಲಿ ಗುಡ್ಡ ಹತ್ತುವುದರೊಳಗೆ ಅವನ ದೊರೆ ಬಿದ್ದಿದ್ದ. ರೆಕ್ಕಿಚೇಳಿನವನು ಮಧ್ಯಾಹ್ನದ ಊಟಕ್ಕೇ ಊರು ಸೇರಿದ. ಕೊನೆಯ ಆಟ ಒಂದೇ ಉಳಿಯಿತು. ಹೋದ ವರ್ಷ ಗೆದ್ದವರು ನೇರವಾಗಿ ಕೊನೆಯ ಆಟಕ್ಕೆ ಬಂದು ಕೂರುವುದು ಪದ್ಧತಿ. ನಜಮುನ್ನಿಸಾ ಟೀಚರ್ ಎದ್ದು ನಿಂತು ಕರೆದರು: "ಆಳಂದದ ಹಾವಗುದುರಿ. ಅಫಜಲಪುರದ ಬಿಳಿಯಾನಿ."

ಮಂದಿ ದಾರಿ ಬಿಟ್ಟರು. ಬಿಳಿ ರುಮಾಲು ಸುತ್ತಿದ ದೊಡ್ಡ ಆಳು, ಕಂಕುಳಲ್ಲಿ ಪಾಯಲಿ ಅವಚಿಕೊಂಡು ಬಂದು ಎದುರಿಗೆ ಕುಳಿತ. ಮಲ್ಕಮ್ಮ ಸೆರಗು ಸರಿಸಿ ನೋಡಿದಳು. ಇಟ್ಟಂಗಿ ಭಟ್ಟಿಯ ಕಲ್ಯಾಣಪ್ಪ.

ಮೊದಲು ಚೇತರಿಸಿಕೊಂಡವನು ಅವನೇ. "ಅವತ್ತ ಉಪ್ಪಿಟ್ಟು ಕೊಡೂ ಮುಂದ ಒಂದ್ ಮಾತೂ ಆಡಿದ್ದಿಲ್ಲಲ್ರಿ, ಬೀಗ್ತಿಯವರ" ಎಂದ ಮೆಲ್ಲಗೆ.

"ನೀವೂ ಆನಿ ಸುದ್ದಿ ತಗದಿದ್ದಿಲ್ಲಲ್ರಿ" ಎಂದಳು ಮಲ್ಕಮ್ಮ.

"ನಮ್ಮಾಕಿ ಬ್ಯಾಡ ಅಂದಿದ್ದಳ್ರಿ. ಆಳಂದದವರು ಗಂಭೀರ ಮಂದಿ ಅಂತ ಹೇಳಿದ್ದಳು."

ಅವನ ಹಿಂದೆ ಅವನ ತಮ್ಮಂದಿರು ನಿಂತಿದ್ದರು. ಅವರ ಮುಖದಲ್ಲಿ ನಗೆ ಇರಲಿಲ್ಲ. ಹೆಣ್ಣಿನ ತಾಯಿ ಗಂಡಸರ ನಡುವೆ ಕಾಲು ಮಡಚಿ ಕುಳಿತದ್ದನ್ನು ಅವರು ಅಳೆಯುತ್ತಾ ನೋಡುತ್ತಿದ್ದರು. ಟೀಚರಿಗೆ ವಿಷಯ ತಿಳಿಯಲು ತಡವಾಗಲಿಲ್ಲ. "ಮೊದಲ ಎಲ್ಲಾರೂ ಚಹಾ ಕುಡೀರಿ" ಎಂದು ಆಟವನ್ನು ಸ್ವಲ್ಪ ಮುಂದಕ್ಕೆ ಹಾಕಿದರು.

ಹುಲೆಪ್ಪ ಹೆಂಡತಿಯನ್ನು ಹತ್ತಿ ತುಂಬಿದ ಅಂಡಿಗೆಯ ಮರೆಗೆ ಕರೆದ.

"ಸೋತುಬಿಡು ಬೇ" ಎಂದ.

ಮಲ್ಕಮ್ಮ ಜಮಖಾನೆಯತ್ತ ಹೊರಳಿದಳು; ಅವನು ಅಡ್ಡ ನಿಂತ.

"ಗೆದ್ರ ಏನಾಗ್ತದ ಗೊತ್ತದಿಲ್ಲ? ಸೋತವರು ಗೆದ್ದವರ ದಂಡು ಒಂದೊಂದ ಎತ್ತಿ ಪಾಯಲಿಗಿ ತುಂಬಿ ಕೊಡಬೇಕು. ಗಂಡಿನ ತಂದಿ, ತನ್ನ ಊರಾಗ, ತನ್ನ ತಮ್ಮಂದಿರ ಮುಂದ, ನಿನ್ನ ಕಾಲಬುಡಕ ಬಗ್ಗಿ ಗೊಂಬಿ ಆರಸಬೇಕೇನು? ಇನ್ನೂ ನಿಶ್ಚಯ ಆಗಿಲ್ಲ. ಹೆಣ್ಣಿನ ಕಡಿಯವರು ನಾವು. ನಾವು ಬಗ್ಗಬೇಕು."

ಹುಲೆಪ್ಪ ಕೆಟ್ಟವನಲ್ಲ. ಅವನು ಹೇಳಿದ್ದು ಊರು ಹೇಳುವ ಮಾತೇ. ಮಲ್ಕಮ್ಮನಿಗೂ ಅದು ಗೊತ್ತಿತ್ತು. ಊಟಕ್ಕೆ ತುಪ್ಪ ಕಡಿಮೆ ಬಡಿಸಿದ್ದಕ್ಕೆ, ಬೀಗರ ಎತ್ತಿಗೆ ನೀರು ತೋರಿಸದ್ದಕ್ಕೆ ಮುರಿದ ಸಂಬಂಧಗಳನ್ನು ಅವಳೇ ಕಂಡಿದ್ದಳು. ಮಗಳು ಆ ಗುಳಿಯ ಹುಡುಗನ ಹೆಸರು ಬಂದರೆ ಸಾಕು, ಬಣ್ಣದ ಕಡ್ಡಿ ಹಿಡಿದ ಕೈ ನಿಲ್ಲಿಸಿ ಕೇಳುತ್ತಿದ್ದಳು. ಒಂದು ಮಣ್ಣಿನ ಕುದುರೆಗಾಗಿ ಅದನ್ನು ಕಳೆಯುವುದೇ?

ಚಂದಮ್ಮ ಅಂಡಿಗೆಯ ಆ ಬದಿಗೇ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಅಪ್ಪ ಅತ್ತ ಹೋದೊಡನೆ ಎದುರು ಬಂದಳು.

"ಅವ್ವಾ, ಹುಡುಗ ನನಗ ಪಸಂದ ಇದ್ದಾನ. ಖರೆ ಹೇಳ್ತೇನಿ, ಮನಸಿನಿಂದ ಪಸಂದ ಇದ್ದಾನ," ಎಂದಳು. ಅಷ್ಟು ಹೇಳುವಾಗಲೇ ಅವಳ ಕಣ್ಣಲ್ಲಿ ನೀರು. "ಆದ್ರ ಸೋತು ನನ್ನ ಕೊಡಬ್ಯಾಡ. ಇವತ್ತ ನೀ ಬೇಕಂತ ಸೋತ್ರ, ಆ ಮನ್ಯಾಗ ನಾ ದಿನಾ ಬೇಕಂತ ಸೋಲಬೇಕಾಗ್ತದ. ಆಡಿ ಸೋತ್ರ ಸೋಲು. ನಾ ಏನೂ ಅನ್ನಂಗಿಲ್ಲ."

"ಸಂಬಂಧ ಮುರದ್ರ?"

"ಅತ್ತ ಸುಮ್ಮನಾಗ್ತೇನಿ."

ಮಲ್ಕಮ್ಮ ಸೆರಗಿನಿಂದ ಮಗಳ ಮುಖ ಒರೆಸಿದಳು. ಆದರೆ ಏನೂ ಮಾತು ಕೊಡಲಿಲ್ಲ. ಹೆತ್ತವಳಿಗೆ ಮಗಳ ಛಲ ಬೇರೆ, ಮಗಳ ಬಾಳು ಬೇರೆ. ಜಮಖಾನೆಯ ಮುಂದೆ ಹೋಗಿ ಕುಳಿತಾಗ ಏನು ಮಾಡಬೇಕೆಂದು ಅವಳಿಗೆ ಇನ್ನೂ ತಿಳಿದಿರಲಿಲ್ಲ.

ಕಲ್ಯಾಣಪ್ಪನ ಆನೆಗಳು ನೋಡುವಂತಿದ್ದವು. ಸುಣ್ಣದ ಬಿಳುಪು, ಮೀನಿನ ಬಾಲ, ಬೆನ್ನಿನ ಮೇಲೆ ಮಡಚಿದ ರೆಕ್ಕೆ. ಅವನ ಗೇಣೋ, ಬೇರೆಯವರ ಮೊಳಕ್ಕೆ ಹತ್ತಿರ. ಮೊದಲ ನಡೆಗೇ ಆನೆಗಳು ಭೀಮೆಗೆ ಇಳಿದವು. ಮಲ್ಕಮ್ಮನ ಮನಸ್ಸು ಸರಿ ಇರಲಿಲ್ಲ. ಎರಡು ಹಾವಗುದುರೆಗಳನ್ನು ಸುಮ್ಮಸುಮ್ಮನೆ ಕಳೆದುಕೊಂಡಳು. ಕವಡೆಗಳೂ ಅವನ ಕಡೆಗೇ ಬೀಳತೊಡಗಿದವು. ಹುಲೆಪ್ಪ ದೂರದಿಂದ ನೋಡಿ ನಿರಾಳವಾಗಿ ಉಸಿರು ಬಿಟ್ಟ.

ಆದರೆ ಆಟಕ್ಕೆ ಒಂದು ಗುಣವಿದೆ. ಎದುರಾಳಿ ಚೆನ್ನಾಗಿ ಆಡಿದರೆ ಕೈ ತಾನೇ ಚುರುಕಾಗುತ್ತದೆ. ಕಲ್ಯಾಣಪ್ಪ ಒಂದು ಆನೆಯನ್ನು ಗುಡ್ಡ ಬಳಸಿ ತಂದ ಚಂದಕ್ಕೆ ಮಲ್ಕಮ್ಮ ಎಲ್ಲ ಮರೆತು "ಭೇಷ್" ಎಂದುಬಿಟ್ಟಳು. ಅವನೂ ನಕ್ಕ. ಅಲ್ಲಿಂದ ಮುಂದೆ ಇಬ್ಬರೂ ಬೀಗರಾಗಿ ಕುಳಿತಿರಲಿಲ್ಲ. ಅವಳು ಕಾಲಾಳುಗಳನ್ನು ಒಂದೊಂದೇ ಚೋಟು ಮುಂದಿಟ್ಟು ಆನೆಗಳನ್ನು ನೀರಿನಲ್ಲೇ ತಡೆದಳು. ಅವನು ತಡೆ ಒಡೆದ. ಅವಳು ಗುಡ್ಡದ ಹಿಂದಿನಿಂದ ಕೊನೆಯ ಹಾವಗುದುರೆಯನ್ನು ಬಿಟ್ಟಳು. ಮಂದಿ ಬೀಡಿ ಹಚ್ಚುವುದನ್ನೂ ಮರೆತು ನೋಡುತ್ತಿದ್ದರು.

ಕೊನೆಗೆ ಉಳಿದದ್ದು ಒಂದೇ ನಡೆ. ಹಾವಗುದುರೆಯ ಮುಂದೆ ತೆರೆದ ಬಯಲು, ಬಯಲಿನ ಆಚೆ ಬಿಳಿಯಾನೆಯ ಮೇಲೆ ಕುಳಿತ ಕಲ್ಯಾಣಪ್ಪನ ದೊರೆ. ಅವನು ಲೆಕ್ಕ ಹಾಕಿಯೇ ಅಲ್ಲಿ ನಿಲ್ಲಿಸಿದ್ದ. ಮಲ್ಕಮ್ಮನ ಗೇಣು ಇಷ್ಟು, ಕುದುರೆಯ ಮೈ ಇಷ್ಟು, ಎರಡೂ ಕೂಡಿದರೆ ಮುಟ್ಟುವುದಿಲ್ಲ ಎಂದು ಅವನ ಕಣ್ಣಳತೆ. ಮುಟ್ಟದಿದ್ದರೆ ಅವನ ಮುಂದಿನ ನಡೆಗೆ ಮಲ್ಕಮ್ಮನ ದೊರೆ ಹೋದಂತೆ.

ಅವಳು ಕೈ ಇಟ್ಟಳು. ಹೆಬ್ಬೆರಳು ಕುದುರೆಯ ಮೂಗಿಗೆ, ಕಿರುಬೆರಳು ಬಯಲಿನಲ್ಲಿ. ಇಟ್ಟೊಡನೆ ಅವಳಿಗೆ ಗೊತ್ತಾಯಿತು: ಪೂರ್ತಿ ಚಾಚಿದರೆ ಮುಟ್ಟುತ್ತದೆ. ಹಾಗೆಯೇ, ಬೆರಳನ್ನು ಒಂದಿಷ್ಟು ಸಡಿಲ ಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಮಲ್ಕಮ್ಮನ ಕೈ ಸಣ್ಣದೆಂಬುದು ಮೂರು ತಾಲೂಕಿಗೆ ಗೊತ್ತಿದ್ದ ಮಾತು. ಸೋಲು ಇಷ್ಟು ಸುಲಭವಾಗಿ, ಇಷ್ಟು ಮರ್ಯಾದೆಯಿಂದ ಯಾರಿಗೂ ಸಿಕ್ಕಿರಲಿಕ್ಕಿಲ್ಲ. ಅವಳು ಬೆರಳನ್ನು ಸಡಿಲ ಬಿಟ್ಟಳು.

ಕಿರುಬೆರಳಿನ ತುದಿಗೆ ಕುದುರೆಯ ಬಾಲ ಇಟ್ಟು ನೋಡಿದರೆ, ಮೂಗಿಗೂ ದೊರೆಗೂ ನಡುವೆ ಒಂದು ಜೋಳದ ಕಾಳಿನಷ್ಟು ಜಾಗ ಉಳಿಯಿತು. ಮಂದಿ "ಪಾಪ, ಕೈ ಸಣ್ಣದು" ಎಂದರು. ಹುಲೆಪ್ಪ ಕಣ್ಣು ಮುಚ್ಚಿ ಕೈ ಮುಗಿದ.

ಇಷ್ಟು ಹತ್ತಿರದ ಅಳತೆಯಾದರೆ ಪಂಚರು ಒಂದು ಮಾತು ಕೇಳಲೇಬೇಕು. ಅದು ಕಟ್ಟಳೆ. ನಜಮುನ್ನಿಸಾ ಟೀಚರ್ ಕನ್ನಡಕ ಏರಿಸಿಕೊಂಡು ಬಗ್ಗಿ ಕೇಳಿದರು, "ಇದು ನಿನ್ನ ಪೂರಾ ಗೇಣೇನು, ಬೇಟಿ?"

ಹೌದ್ರಿ ಎಂದರೆ ಮುಗಿಯಿತು. ಒಂದೇ ಮಾತು. ಮಲ್ಕಮ್ಮ ಜಮಖಾನೆಯ ಮೇಲೆ ಬಿದ್ದಿದ್ದ ತನ್ನ ಕೈಯನ್ನು ನೋಡಿದಳು. ಈ ಕೈಯ ಮೇಲೆ ಎಷ್ಟು ವರ್ಷದಿಂದ ಎಷ್ಟು ಸೋಲುಗಳನ್ನು ಹೇರಿಕೊಂಡು ಬಂದಿದ್ದಳು. ಅವೆಲ್ಲ ಖರೆ ಸೋಲುಗಳಾದರೂ ಆಗಿದ್ದವು. ಇವತ್ತು ಅದರ ಮೇಲೆ ಒಂದು ಸುಳ್ಳನ್ನೂ ಹೇರಿ, ಅದನ್ನೇ ಮಗಳ ಉಡಿಗೆ ಹಾಕಿ ಕಳಿಸಬೇಕೇ? ಗಂಡನ ಮನೆಯಲ್ಲಿ ಯಾರಾದರೂ ಚಂದಮ್ಮನನ್ನು ನಿನ್ನ ಶಕ್ತಿ ಇಷ್ಟೇ ಏನು ಎಂದು ಕೇಳಿದರೆ, ಅವಳೂ ತಲೆ ಬಗ್ಗಿಸಿ ಹೌದ್ರಿ ಅನ್ನಬೇಕೇ? ಅವಳಿಗೆ ಹೆದರಿಕೆಯಾಗಿತ್ತು. ಹೆದರಿಕೆಗಿಂತ ಸಿಟ್ಟು ದೊಡ್ಡದಾಯಿತು.

"ಅಲ್ರಿ," ಎಂದಳು. "ಇದು ಪೂರಾ ಅಲ್ರಿ."

ಬಳೆಗಳನ್ನು ಮೊಣಕೈಯತ್ತ ಸರಿಸಿ, ಹೆಬ್ಬೆರಳನ್ನು ಮತ್ತೆ ಅದೇ ಜಾಗಕ್ಕೆ ಊರಿ, ಕೈಯನ್ನು ಚಾಚಿದಳು. ನರಗಳು ಎದ್ದು ಕಂಡವು. ಅಂಗೈ ಜಮಖಾನೆಗೆ ಹತ್ತಿ ಹೋಯಿತು. ಟೀಚರ್ ಕಿರುಬೆರಳಿನ ತುದಿಗೆ ಉಗುರಿನಿಂದ ಗೆರೆ ಎಳೆದು, ತಾವೇ ಕುದುರೆಯನ್ನು ಎತ್ತಿ ಇಟ್ಟರು. ಹಾವಗುದುರೆಯ ಮೂಗು ದೊರೆ ಕುಳಿತ ಬಿಳಿಯಾನೆಗೆ ತಗುಲಿ ಟಿಣ್ ಎಂದು ಸಣ್ಣ ಸದ್ದಾಯಿತು.

ಕಲ್ಯಾಣಪ್ಪ ತನ್ನ ದೊರೆಯನ್ನೇ ನೋಡುತ್ತಾ ಕುಳಿತ. ಹಿಂದಿನಿಂದ ಒಬ್ಬ ತಮ್ಮ ಬಗ್ಗಿ, ಎಲ್ಲರಿಗೂ ಕೇಳುವ ಹಾಗೆಯೇ ಹೇಳಿದ: "ಅಣ್ಣಾ, ಏಳು. ಹೆಣ್ಣಿನ ಕಡಿಯವರ ಮುಂದ ಬಗ್ಗೂದು ನಮ್ಮ ಮನಿತನದಾಗ ಇಲ್ಲ."

ಕಲ್ಯಾಣಪ್ಪ ಎದ್ದ. ಹುಲೆಪ್ಪನ ಮುಖ ಬೂದಿಯಾಯಿತು. ಚಂದಮ್ಮ ಅಂಡಿಗೆಗೆ ಆತು ನಿಂತಳು, ಅಳಲಿಲ್ಲ. ಮಲ್ಕಮ್ಮನಿಗೆ ಆದದ್ದು ಆಗಿ ಹೋಯಿತು ಎನ್ನಿಸಿತು. ತಾನು ಸುಳ್ಳು ಹೇಳಲಿಲ್ಲ, ಸರಿ. ಇನ್ನು ಒಬ್ಬ ಹಿರಿಯ ಮನುಷ್ಯನನ್ನು ತಮ್ಮಂದಿರ ಮುಂದೆ ನಿಲ್ಲಿಸಿ ನೋಯಿಸುವುದೇಕೆ? ಅವಳು ಪಾಯಲಿಯನ್ನು ಹತ್ತಿರ ಎಳೆದುಕೊಂಡು ತನ್ನ ಗೊಂಬೆಗೆ ತಾನೇ ಕೈ ಹಾಕಿದಳು.

ಕಲ್ಯಾಣಪ್ಪ ಎದ್ದದ್ದು ಹೋಗುವುದಕ್ಕಲ್ಲ. ರುಮಾಲು ಬಿಚ್ಚಿ ತಮ್ಮನ ಕೈಗೆ ಕೊಟ್ಟ. "ಹಿಡಕೋ. ಬಗ್ಗಿದ್ರ ಬೀಳ್ತದ" ಎಂದ. ಆಮೇಲೆ ಜಮಖಾನೆಯನ್ನು ಬಳಸಿ ಅವಳ ಕಡೆಗೆ ಬಂದು, ನೆಲಕ್ಕೆ ಮೊಣಕಾಲೂರಿ ಕುಳಿತು, ತನ್ನ ದೊಡ್ಡ ಅಂಗೈಯಿಂದ ಪಾಯಲಿಯ ಬಾಯಿ ಮುಚ್ಚಿದ.

"ಕೈ ತಗೀರಿ, ಬೀಗ್ತಿಯವರ. ಗೆದ್ದವರು ಎತ್ತಂಗಿಲ್ಲ."

"ಇರ್ಲಿ ಬಿಡ್ರಿ," ಎಂದಳು ಮಲ್ಕಮ್ಮ. ಅವಳ ದನಿ ಸಣ್ಣಗಾಗಿತ್ತು. "ನಾವು ಹೆಣ್ಣಿನ ಕಡಿಯವರು."

"ಅದಕ್ಕೇ ಹೇಳಾಕತ್ತೇನಿ. ಇವತ್ತ ಗೆದ್ದು ನೀವೇ ಎತ್ತಿಕೊಂಡ್ರ, ನಾಳೆ ನಿಮ್ಮ ಮಗಳು ನಮ್ಮನ್ಯಾಗ ಗೆದ್ದದ್ದನ್ನೆಲ್ಲಾ ತಾನೇ ಎತ್ತಿ ಮುಚ್ಚಿಡ್ತಾಳ. ನನಗ ಅಂಥ ಸೊಸಿ ಬ್ಯಾಡ."

ತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಿದರು. ಚಂದಮ್ಮ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು, ಈಗ ಅತ್ತಳು. ಕಲ್ಯಾಣಪ್ಪ ಯಾರನ್ನೂ ನೋಡದೆ ಬಗ್ಗಿ, ಭೀಮೆಯ ದಂಡೆಯಲ್ಲಿ ಬಿದ್ದಿದ್ದ ಒಂದು ಹಾವಗುದುರೆಯ ಬಾಲಕ್ಕೆ ಕೈ ಹಾಕಿದ.

ಮಲ್ಕಮ್ಮ ಸೆರಗನ್ನು ಹಿಂದಕ್ಕೆ ಸರಿಸಿದಳು. ಕಾಲು ಮಡಚಿ, ಬೆನ್ನು ನೆಟ್ಟಗೆ ಮಾಡಿ, ಗೆದ್ದವರು ಕೂರುವ ಹಾಗೆ ಕುಳಿತಳು.

"ಬಾಲ ಹಿಡದು ಎತ್ತಬ್ಯಾಡ್ರಿ, ಬೀಗರ," ಎಂದಳು. "ಮುರೀತಾವ. ಹೊಟ್ಟಿ ಬುಡಕ ಕೈ ಹಾಕ್ರಿ."

ಕಲ್ಯಾಣಪ್ಪ ಬಾಲ ಬಿಟ್ಟು ಹೊಟ್ಟೆಯ ಬುಡಕ್ಕೆ ಕೈ ಹಾಕಿದ.